ಹದಿನೆಂಟೋ, ಇಪ್ಪತ್ತೆರಡೋ? ಸ್ವತಂತ್ರ ಪಕ್ಷದ ಲೆಕ್ಕದ ಬೆನ್ನುಹತ್ತಿ

1962ರ ಲೋಕಸಭಾ ಚುನಾವಣೆಯಲ್ಲಿ ಸ್ವತಂತ್ರ ಪಕ್ಷಕ್ಕೆ ಸಿಕ್ಕ ಸ್ಥಾನಗಳೆಷ್ಟು? ಕೆಲವು ಪುಸ್ತಕಗಳು 18 ಎನ್ನುತ್ತವೆ, ಕೆಲವು 22 ಎನ್ನುತ್ತವೆ. ಎರಡೂ ಬಲ್ಲವರು ಬರೆದವೇ. ನಾಲ್ಕು ಸ್ಥಾನಗಳ ಈ ಅಂತರವನ್ನು ಅಚ್ಚಿನ ದೋಷವೆಂದು ಬಿಟ್ಟುಬಿಡಬಹುದಿತ್ತು. ಬಿಡದೆ ಹುಡುಕಿದ್ದಕ್ಕೆ ಆ ಪಕ್ಷದ ಹುಟ್ಟು, ಏಳಿಗೆ, ಅಳಿವು ಮೂರಕ್ಕೂ ಒಂದು ಎಳೆ ಸಿಕ್ಕಿತು.

ಮೊದಲು ನೋಡಬೇಕಾದದ್ದು ಚುನಾವಣಾ ಆಯೋಗದ ಅಂಕಿಅಂಶ ವರದಿ. 1962ರ ವರದಿಯಲ್ಲಿ ಸ್ವತಂತ್ರ ಪಕ್ಷದ ಮುಂದೆ 18 ಎಂದೇ ಇದೆ. ಬಿಹಾರ 7, ಗುಜರಾತ್ 4, ರಾಜಸ್ಥಾನ 3, ಉತ್ತರ ಪ್ರದೇಶ 3, ಆಂಧ್ರ 1. ಒರಿಸ್ಸಾದಲ್ಲಿ ಒಂದೂ ಇಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಪಕ್ಷದ ಸಾಲಿದೆ: ಗಣತಂತ್ರ ಪರಿಷತ್, ಗೆದ್ದದ್ದು 4, ನಾಲ್ಕೂ ಒರಿಸ್ಸಾದವು. ಚುನಾವಣೆ ಮುಗಿದ ಮೇಲೆ, ಅದೇ ವರ್ಷ, ಗಣತಂತ್ರ ಪರಿಷತ್ ಸ್ವತಂತ್ರ ಪಕ್ಷದಲ್ಲಿ ವಿಲೀನವಾಯಿತು. ಮತಪತ್ರದ ಮೇಲಿದ್ದ ಹೆಸರನ್ನು ಎಣಿಸಿದವರಿಗೆ 18 ಸಿಗುತ್ತದೆ, ಸದನದಲ್ಲಿ ಕೂತವರನ್ನು ಎಣಿಸಿದವರಿಗೆ 22.

ಲೆಕ್ಕ ಇಷ್ಟೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಹಿಂದಿನ ಸಂಗತಿ. ಸ್ವತಂತ್ರ ಪಕ್ಷವನ್ನು ನಾವು ರಾಜಾಜಿಯವರ ಪಕ್ಷವೆಂದೇ ಓದಿಕೊಂಡು ಬಂದಿದ್ದೇವೆ. 1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ಸಹಕಾರಿ ಬೇಸಾಯದ ನಿರ್ಣಯ ಕೈಗೊಂಡಿತು. ರೈತರ ಜಮೀನು ಅವರ ಕೈತಪ್ಪುತ್ತದೆ ಎಂಬ ಅಂಜಿಕೆ ಹುಟ್ಟಿತು. ಅದೇ ವರ್ಷದ ಜೂನ್ 4ರಂದು ಮದರಾಸಿನಲ್ಲಿ, ಎಂಬತ್ತು ತುಂಬಿದ ರಾಜಾಜಿ ಹೊಸ ಪಕ್ಷ ಘೋಷಿಸಿದರು. ಜೊತೆಗೆ ಆಂಧ್ರದ ರೈತ ನಾಯಕ ಎನ್.ಜಿ. ರಂಗಾ, ಮುಂಬಯಿಯ ಮೀನೂ ಮಸಾನಿ. ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಸಮಾವೇಶ ನಡೆಯಿತು. 21 ತತ್ವಗಳ ಪ್ರಣಾಳಿಕೆ, ನಕ್ಷತ್ರದ ಚಿಹ್ನೆ. ಲೈಸೆನ್ಸ್–ಪರ್ಮಿಟ್ ರಾಜ್ ಎಂಬ ಮಾತನ್ನು ರಾಜಾಜಿ ಊರೂರಿಗೆ ಮುಟ್ಟಿಸಿದರು. ಸಂಪ್ರದಾಯವಾದಿ ಎಂಬ ಹಣೆಪಟ್ಟಿಯನ್ನು ಮಸಾನಿ ಒಪ್ಪುತ್ತಿರಲಿಲ್ಲ, ತಮ್ಮದು ಉದಾರವಾದಿ ಪಕ್ಷ ಎನ್ನುತ್ತಿದ್ದರು. ಆದರೆ ಆ ಪಕ್ಷವನ್ನು ಕುರಿತ ಮೊದಲ ದೊಡ್ಡ ಅಧ್ಯಯನ ಬರೆದ ಹೊವರ್ಡ್ ಅರ್ಡ್‌ಮನ್ 1967ರ ತಮ್ಮ ಪುಸ್ತಕದ ಶೀರ್ಷಿಕೆಯಲ್ಲೇ ಭಾರತೀಯ ಸಂಪ್ರದಾಯವಾದವನ್ನು ಸೇರಿಸಿದರು. ಪಕ್ಷದ ಸಂಸದರ ಪಟ್ಟಿ ನೋಡಿದರೆ ಅರ್ಡ್‌ಮನ್ ಹೇಳಿದ್ದರಲ್ಲಿ ಹುರುಳಿದೆ ಅನ್ನಿಸುತ್ತದೆ. ತತ್ವ ಬರೆದವರು ಮದರಾಸು, ಮುಂಬಯಿಯವರು. ಮತ ತಂದವರು ಬಲಾಂಗೀರ್, ಕಾಲಾಹಂಡಿ, ರಾಮಗಢ, ಜೈಪುರದ ಅರಸುಮನೆತನದವರು.

ಒರಿಸ್ಸಾದ ದಾಖಲೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. ಗಣತಂತ್ರ ಪರಿಷತ್ತಿನ ಬೇರು ಪಶ್ಚಿಮ ಒರಿಸ್ಸಾದ ಹಳೆಯ ಸಂಸ್ಥಾನಗಳಲ್ಲಿತ್ತು. ಬಲಾಂಗೀರ್ ಸೀಮೆಯ ಪಟ್ನಾ ಸಂಸ್ಥಾನದ ಮಾಜಿ ಅರಸ ಆರ್.ಎನ್. ಸಿಂಗ್ ದೇವ್ ಅದರ ಮುಂದಾಳು. 1957ರ ವಿಧಾನಸಭಾ ಚುನಾವಣೆಯಲ್ಲಿ ಪರಿಷತ್ತು 140 ಸ್ಥಾನಗಳಲ್ಲಿ 51 ಗೆದ್ದಿತ್ತು. ಕಾಂಗ್ರೆಸ್ಸಿಗೆ ಸಿಕ್ಕದ್ದು 56 ಮಾತ್ರ. 1961ರ ಮಧ್ಯಂತರ ಚುನಾವಣೆಯಲ್ಲಿ ಪರಿಷತ್ತು ಕುಗ್ಗಿತು, ಮರುವರ್ಷ ವಿಲೀನವಾಯಿತು. 1967ರಲ್ಲಿ ಸ್ವತಂತ್ರ ಪಕ್ಷ ಅದೇ 140ರಲ್ಲಿ 49 ಗೆದ್ದಿತು. ಹರೇಕೃಷ್ಣ ಮಹತಾಬರ ಜನ ಕಾಂಗ್ರೆಸ್ಸಿನ 26 ಸ್ಥಾನಗಳೊಂದಿಗೆ ಸರ್ಕಾರ ರಚನೆಯಾಗಿ ಸಿಂಗ್ ದೇವ್ ಮುಖ್ಯಮಂತ್ರಿಯಾದರು. ಸ್ವತಂತ್ರ ಪಕ್ಷದವರೊಬ್ಬರು ರಾಜ್ಯವೊಂದರ ಮುಖ್ಯಮಂತ್ರಿಯಾದದ್ದು ಅಲ್ಲಿ ಮಾತ್ರ, ಆ ಸರ್ಕಾರ 1971ರ ಜನವರಿವರೆಗೆ ನಡೆಯಿತು.

51 ಮತ್ತು 49. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ವಿಲೀನದ ಗುಟ್ಟು ಗೊತ್ತಾಗುತ್ತದೆ. ದೇಶದ ದೊಡ್ಡ ಹೆಸರು, ರಾಜಾಜಿಯವರ ಮಾತು, ಮುಂಬಯಿಯ ಉದ್ಯಮಿಗಳ ಬೆಂಬಲ ಎಲ್ಲ ಸೇರಿದ ಮೇಲೂ ಒರಿಸ್ಸಾದಲ್ಲಿ ಪಕ್ಷ ತಲುಪಿದ್ದು ಹತ್ತು ವರ್ಷಗಳ ಹಿಂದೆ ಪರಿಷತ್ತು ಒಂಟಿಯಾಗಿ ಮುಟ್ಟಿದ್ದ ಮಟ್ಟವನ್ನೇ. ಬೋರ್ಡು ಬದಲಾಗಿತ್ತು, ಬುನಾದಿ ಹಳೆಯದೇ.

ಬಿಹಾರದ ಕಥೆ ಇದಕ್ಕಿಂತ ಕಠೋರ. ಅಲ್ಲಿ ರಾಮಗಢದ ರಾಜ ಕಾಮಾಖ್ಯ ನಾರಾಯಣ ಸಿಂಗ್ ತಮ್ಮದೇ ಜನತಾ ಪಾರ್ಟಿ ನಡೆಸುತ್ತಿದ್ದರು (1977ರ ಜನತಾ ಪಕ್ಷ ಬೇರೆ). ಅದು 1962ರ ಚುನಾವಣೆಗೆ ಮೊದಲೇ ಸ್ವತಂತ್ರ ಪಕ್ಷದಲ್ಲಿ ಸೇರಿತು. ಫಲ ಕೂಡಲೇ ಸಿಕ್ಕಿತು: ವಿಧಾನಸಭೆಯಲ್ಲಿ 50 ಸ್ಥಾನ, ಲೋಕಸಭೆಗೆ 7. ಇಡೀ ದೇಶದಲ್ಲಿ ಪಕ್ಷ ಗೆದ್ದ 18ರಲ್ಲಿ 7 ಅಂದರೆ ಮೂರನೇ ಒಂದು ಪಾಲಿಗೂ ಹೆಚ್ಚು. ಮುಂದಿನ ಚುನಾವಣೆಗೆ ಮೊದಲೇ ರಾಜರು ಪಕ್ಷ ಬಿಟ್ಟರು. 1967ರಲ್ಲಿ ಬಿಹಾರ ವಿಧಾನಸಭೆಯಲ್ಲಿ ಸ್ವತಂತ್ರ ಪಕ್ಷಕ್ಕೆ ಉಳಿದದ್ದು 3 ಸ್ಥಾನ, ಲೋಕಸಭೆಗೆ ಒಂದೂ ಇಲ್ಲ. ಒಬ್ಬ ಮನುಷ್ಯ ಎದ್ದು ಹೋದದ್ದಕ್ಕೆ ಐವತ್ತು ಮೂರಾಯಿತು. ವಿಲೀನದಿಂದ ಬಂದ ಬಲ ಯಾರ ಕೈಯಲ್ಲಿತ್ತು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಬೇರೆಲ್ಲೂ ಕಾಣಲಿಲ್ಲ.

ಹಾಗಿದ್ದೂ 1967 ಪಕ್ಷದ ಅತ್ಯುತ್ತಮ ವರ್ಷ. ಲೋಕಸಭೆಯಲ್ಲಿ 44 ಸ್ಥಾನ, ಕಾಂಗ್ರೆಸ್ ಬಿಟ್ಟರೆ ಅದೇ ದೊಡ್ಡ ಪಕ್ಷ. ಸದನದ ಹತ್ತನೇ ಒಂದು ಪಾಲು ಇಲ್ಲದ್ದರಿಂದ ಅಧಿಕೃತ ವಿರೋಧ ಪಕ್ಷದ ಮಾನ್ಯತೆ ಸಿಗಲಿಲ್ಲ. ಆದರೂ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಮಸಾನಿ ಅಧ್ಯಕ್ಷರಾದರು, ವಿರೋಧ ಪಕ್ಷದವರೊಬ್ಬರು ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ವರದಿಯ ಒಳಕ್ಕಿಳಿದರೆ ಇನ್ನೊಂದು ವಿಷಯ ತಿಳಿಯುತ್ತದೆ. 1962ರಲ್ಲಿ ಪಕ್ಷ 173 ಕಡೆ ಸ್ಪರ್ಧಿಸಿ ಶೇ. 7.89 ಮತ ಪಡೆದಿತ್ತು, 1967ರಲ್ಲಿ 178 ಕಡೆ ಸ್ಪರ್ಧಿಸಿ ಶೇ. 8.67. ಸ್ಪರ್ಧೆ ಹೆಚ್ಚು ಕಡಿಮೆ ಅಷ್ಟೇ, ಮತ ಹೆಚ್ಚಿದ್ದು ಶೇಕಡಾ ಒಂದಕ್ಕೂ ಕಡಿಮೆ. ಸ್ಥಾನ ಮಾತ್ರ 18ರಿಂದ 44ಕ್ಕೆ ಜಿಗಿಯಿತು. ಕಾಂಗ್ರೆಸ್ಸಿನ ಮತ ಇಳಿದದ್ದು, ಕೆಲವು ರಾಜ್ಯಗಳಲ್ಲಿ ವಿರೋಧಿಗಳು ಹೊಂದಾಣಿಕೆ ಮಾಡಿಕೊಂಡದ್ದು ಇದಕ್ಕೆ ಕಾರಣ. ಮದರಾಸಿನಲ್ಲಿ ಡಿಎಂಕೆ ಜೊತೆಗಿನ ಮೈತ್ರಿಯಿಂದ 6 ಸ್ಥಾನ ಬಂದವು.

ಗುಜರಾತನ್ನು ಮಾತ್ರ ಈ ಲೆಕ್ಕದಿಂದ ಹೊರಗಿಟ್ಟು ನೋಡಬೇಕು. ಅಲ್ಲಿ ಭಾಯಿಲಾಲ್‌ಭಾಯಿ ಪಟೇಲರ ಮುಂದಾಳತ್ವದಲ್ಲಿ, ಖೇಡಾ ಸೀಮೆಯ ರೈತರ ನಡುವೆ ಪಕ್ಷ ಬೆಳೆಯಿತು. ವಿಧಾನಸಭೆಯಲ್ಲಿ 1962ರಲ್ಲಿ 26 ಇದ್ದದ್ದು 1967ರಲ್ಲಿ 66 ಆಯಿತು, ಲೋಕಸಭೆಗೆ 12. ಅಲ್ಲಿ ರಾಜಕುಮಾರರೂ ಇದ್ದರು, ನಿಜ. ಆದರೂ ಪಕ್ಷ ದುಡಿದು ಗಳಿಸಿದ ನೆಲ ಅದೊಂದೇ ಎಂದು ನನಗೆ ತೋರುತ್ತದೆ.

ನಮ್ಮ ಮೈಸೂರು ರಾಜ್ಯ? ಹುಡುಕುತ್ತ ಹೋದಂತೆ ನನಗೆ ಬೆರಗಾದದ್ದು ಇಲ್ಲೇ. 1962ರಲ್ಲಿ ಇಲ್ಲಿಂದ ಲೋಕಸಭೆಗೆ ಸ್ವತಂತ್ರ ಪಕ್ಷದವರು ಒಬ್ಬರೂ ಹೋಗಲಿಲ್ಲ. 1967ರಲ್ಲಿ 27ರಲ್ಲಿ 5 ಗೆದ್ದರು. ಕಾಂಗ್ರೆಸ್ 18. ಹೆಸರುಗಳನ್ನು ಒಂದೊಂದಾಗಿ ಓದಿ: ಉಡುಪಿಯಿಂದ ಜೆ.ಎಂ. ಲೋಬೊ ಪ್ರಭು, ಚಿತ್ರದುರ್ಗದಿಂದ ಜೆ. ಮೊಹಮ್ಮದ್ ಇಮಾಮ್, ಹಾಸನದಿಂದ ಎನ್. ಶಿವಪ್ಪ, ಬಿಜಾಪುರದಿಂದ ಜಿ.ಡಿ. ಪಾಟೀಲ, ರಾಯಚೂರಿನಿಂದ ಆರ್.ವಿ. ನಾಯಕ. ಕರಾವಳಿ, ಬಯಲುಸೀಮೆ, ಮಲೆನಾಡಿನ ಅಂಚು, ಬಾಂಬೆ ಕರ್ನಾಟಕ, ಹೈದರಾಬಾದ್ ಕರ್ನಾಟಕ. ಒಂದು ಜಾತಿ, ಒಂದು ಸೀಮೆ, ಒಂದು ಸಂಸ್ಥಾನದ ದಾರದಲ್ಲಿ ಈ ಐವರನ್ನು ಪೋಣಿಸಲು ಬರುವುದಿಲ್ಲ. ಲೋಬೊ ಪ್ರಭು ಐಸಿಎಸ್ ಅಧಿಕಾರಿಯಾಗಿದ್ದವರು. ಜಗಳೂರಿನ ಇಮಾಮರು 1957ರಲ್ಲಿ ಅದೇ ಚಿತ್ರದುರ್ಗದಿಂದ ಪ್ರಜಾ ಸಮಾಜವಾದಿ ಪಕ್ಷದ ಹೆಸರಲ್ಲಿ ಗೆದ್ದಿದ್ದರು. ಸಮಾಜವಾದಿ ಚೀಟಿಯ ಮೇಲೂ ಸ್ವತಂತ್ರ ಪಕ್ಷದ ಚೀಟಿಯ ಮೇಲೂ ಒಂದೇ ಕ್ಷೇತ್ರದ ಜನ ಅವರನ್ನು ಆರಿಸಿದರೆಂದರೆ, ಮತ ಬಿದ್ದದ್ದು ಪ್ರಣಾಳಿಕೆಗೆ ಎನ್ನಲಾದೀತೆ? ಇಲ್ಲಿ ಸ್ವತಂತ್ರ ಪಕ್ಷಕ್ಕೆ ಒರಿಸ್ಸಾದಂತೆ ಸಿದ್ಧವಾದ ಪ್ರಾದೇಶಿಕ ಪಕ್ಷ ಸಿಗಲಿಲ್ಲ. ಸಿಕ್ಕದ್ದು ಕಾಂಗ್ರೆಸ್ಸಿನ ಮೇಲಿನ ಬೇಸರ, ಅಲ್ಲಲ್ಲಿ ಹೆಸರುಳ್ಳ ವ್ಯಕ್ತಿಗಳು.

ಮುಂದಿನದು ಬೇಗ ಮುಗಿಯುತ್ತದೆ. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣ, ಕಾಂಗ್ರೆಸ್ ಇಬ್ಭಾಗ. 1971ರಲ್ಲಿ ಸಂಸ್ಥಾ ಕಾಂಗ್ರೆಸ್, ಜನಸಂಘ, ಸಂಯುಕ್ತ ಸಮಾಜವಾದಿ ಪಕ್ಷಗಳ ಜೊತೆ ಮೈತ್ರಿಕೂಟ. ಸ್ವತಂತ್ರ ಪಕ್ಷಕ್ಕೆ ಸಿಕ್ಕದ್ದು ಶೇ. 3.07 ಮತ, 8 ಸ್ಥಾನ. ಮತಪ್ರಮಾಣದ ಈ ಕುಸಿತವನ್ನು ಎಚ್ಚರದಿಂದ ಓದಬೇಕು, ಏಕೆಂದರೆ ಹೊಂದಾಣಿಕೆಯಿಂದಾಗಿ ಪಕ್ಷ ಸ್ಪರ್ಧಿಸಿದ್ದೇ 59 ಕಡೆ. ಸ್ಪರ್ಧಿಸಿದ ಕಡೆಗಳಲ್ಲಿ ಗೆದ್ದ ಪ್ರಮಾಣ ನೋಡುವುದು ನ್ಯಾಯ: 1967ರಲ್ಲಿ ನಾಲ್ಕಕ್ಕೆ ಒಂದರಷ್ಟಿದ್ದದ್ದು 1971ರಲ್ಲಿ ಏಳಕ್ಕೆ ಒಂದಾಯಿತು. ಸೋಲು ಸೋಲೇ, ಆದರೆ ಶೇ. 3.07 ತೋರಿಸುವಷ್ಟು ನಿರ್ನಾಮವಲ್ಲ. ಉಳಿದ ಎಂಟರಲ್ಲಿ ಒರಿಸ್ಸಾದ್ದು 3, ರಾಜಸ್ಥಾನದ್ದು 3, ಗುಜರಾತಿನದು 2. ಜೈಪುರದ ಗಾಯತ್ರಿ ದೇವಿ ಗೆದ್ದರು, ಮಸಾನಿ ಮತ್ತು ರಂಗಾ ಸೋತರು. ಮೈಸೂರಿನ 27ಕ್ಕೆ 27ನ್ನೂ ಇಂದಿರಾ ಕಾಂಗ್ರೆಸ್ ಬಾಚಿಕೊಂಡಿತು, ಇಲ್ಲಿನ ಐದೂ ಹೋದವು.

ಮಸಾನಿ ಅಧ್ಯಕ್ಷತೆ ಬಿಟ್ಟರು. ರಂಗಾ ಕಾಂಗ್ರೆಸ್ಸಿಗೆ ಮರಳಿದರು. 1972ರ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು. 1974ರ ಆಗಸ್ಟ್‌ನಲ್ಲಿ ಪೀಲೂ ಮೋದಿಯವರ ನೇತೃತ್ವದಲ್ಲಿ ಪಕ್ಷದ ಬಹುಪಾಲು ಚರಣ್ ಸಿಂಗರ ಭಾರತೀಯ ಲೋಕದಳದಲ್ಲಿ ಕರಗಿತು. ನಾಗಪುರದ ನಿರ್ಣಯವನ್ನು 1959ರಲ್ಲಿ ಕಾಂಗ್ರೆಸ್ಸಿನೊಳಗೇ ನಿಂತು ವಿರೋಧಿಸಿದವರು ಇದೇ ಚರಣ್ ಸಿಂಗ್. ಹಾಗಾಗಿ ಆ ಕೂಡಿಕೆಯನ್ನು ಬರೀ ಅವಕಾಶವಾದವೆಂದು ನಾನು ಒಪ್ಪಲಾರೆ.

1977ರ ವರದಿಯಲ್ಲೂ ಇಂಥದೇ ಒಂದು ತೊಡಕಿದೆ. ಜನತಾ ಪಕ್ಷ ಅಭೂತಪೂರ್ವವಾಗಿ ಗೆದ್ದ ಚುನಾವಣೆ ಅದು, ಆದರೆ ವರದಿಯಲ್ಲಿ ಆ ಗೆಲುವು ಜನತಾ ಪಕ್ಷದ ಹೆಸರಲ್ಲಿಲ್ಲ. ಅಲ್ಲಿರುವುದು ಭಾರತೀಯ ಲೋಕದಳ, 295 ಸ್ಥಾನ. ಜನತಾ ಪಕ್ಷ ಹೆಚ್ಚಿನ ಕಡೆ ಲೋಕದಳದ ಚಿಹ್ನೆಯಲ್ಲೇ ಸ್ಪರ್ಧಿಸಿತ್ತು. ಆ ಸರ್ಕಾರದ ಹಣಕಾಸು ಮಂತ್ರಿ ಎಚ್.ಎಂ. ಪಟೇಲ್, 1971ರಲ್ಲಿ ಸ್ವತಂತ್ರ ಪಕ್ಷದಿಂದ ಗೆದ್ದುಬಂದ ಎಂಟು ಮಂದಿಯಲ್ಲೊಬ್ಬರು.

ಆಯೋಗದ ವರದಿಗಳಿಂದ ಯಾರು ಗೆದ್ದರು, ಎಷ್ಟು ಮತದಿಂದ ಗೆದ್ದರು ಎನ್ನುವುದು ಸಿಗುತ್ತದೆ. ಹಾಸನದ ರೈತ, ಬಿಜಾಪುರದ ವರ್ತಕ, ಉಡುಪಿಯ ಮೇಷ್ಟ್ರು 1967ರಲ್ಲಿ ನಕ್ಷತ್ರದ ಗುರುತಿಗೆ ಏಕೆ ಮುದ್ರೆ ಒತ್ತಿದರು ಎನ್ನುವುದು ಅವುಗಳಲ್ಲಿ ಸಿಗುವುದಿಲ್ಲ. ಅದು ಕನ್ನಡದ ಕರಪತ್ರಗಳಲ್ಲಿ, ಸಭೆಯ ನೋಟೀಸುಗಳಲ್ಲಿ, ಅಭ್ಯರ್ಥಿಗಳು ಬರೆದ ಕಾಗದಗಳಲ್ಲಿ, ಊರ ಪತ್ರಿಕೆಗಳ ಹಳೆಯ ಕಟ್ಟುಗಳಲ್ಲಿ ಇರುವಂಥದು. ನಿಮ್ಮ ಮನೆಯ ಅಟ್ಟದಲ್ಲೋ ಅಜ್ಜನ ಟ್ರಂಕಿನಲ್ಲೋ ಅಂಥ ಕಾಗದವಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಿ, ಕೊಡುವಾಗ ಅದು ಯಾರದು, ಯಾವ ಊರಿನದು, ಯಾವ ವರ್ಷದ್ದು ಎಂದು ಹಿಂಬದಿಯಲ್ಲಿ ಬರೆದುಕೊಡಿ.