ಗಪ್ಪಿ ಮೀನು: ಗಾಜಿನ ಪೆಟ್ಟಿಗೆಯಿಂದ ನೀರಿನ ಹೌದಿಗೆ

ಗಪ್ಪಿ ದಕ್ಷಿಣ ಅಮೆರಿಕದ ಈಶಾನ್ಯ ಭಾಗ ಮತ್ತು ಟ್ರಿನಿಡಾಡ್ ದ್ವೀಪ ಮೂಲದ ಸಣ್ಣ ಸಿಹಿನೀರಿನ ಮೀನು; ಶಾಸ್ತ್ರೀಯ ಹೆಸರು ಪೊಯಿಸಿಲಿಯಾ ರೆಟಿಕ್ಯುಲಾಟ. ಗಂಡು ಒಂದಂಗುಲಕ್ಕಿಂತ ತುಸು ಉದ್ದ, ಬಾಲದ ಬಣ್ಣದ ಬೆಡಗೆಲ್ಲ ಅದರದೇ. ಹೆಣ್ಣು ದೊಡ್ಡದು, ಮಾಸಲು ಬಣ್ಣದ್ದು. ಮೊಟ್ಟೆಯಿಡದೆ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಕಾಪಿಟ್ಟುಕೊಳ್ಳುವುದರಿಂದ, ಗಂಡಿಲ್ಲದ ಅಕ್ವೇರಿಯಮ್ಮಿನಲ್ಲೂ ಮರಿ ಕಂಡು ಸಾಕಿದವರು ಬೆರಗಾಗುವುದುಂಟು. ಹಸಿದರೆ ತನ್ನ ಮರಿಯನ್ನೇ ನುಂಗುತ್ತದೆ.

1859ರಲ್ಲಿ ಪ್ರಾಣಿಶಾಸ್ತ್ರಜ್ಞ ವಿಲ್ಹೆಲ್ಮ್ ಪೀಟರ್ಸ್ ವೆನೆಜುವೆಲಾದ ಈ ಮೀನನ್ನು ವರ್ಣಿಸಿ ಹೆಸರಿಟ್ಟ. 1866ರಲ್ಲಿ ಟ್ರಿನಿಡಾಡಿನಿಂದ ರಾಬರ್ಟ್ ಜಾನ್ ಲೆಕ್‌ಮಿಯರ್ ಗಪ್ಪಿ ಕಳಿಸಿದ ಮಾದರಿಗಳನ್ನು ಹೊಸ ಜಾತಿಯೆಂದು ಬಗೆದು, ಬ್ರಿಟಿಷ್ ಮ್ಯೂಸಿಯಮ್ಮಿನ ಆಲ್ಬರ್ಟ್ ಗುಂತರ್ ಕಳಿಸಿದವನ ಹೆಸರನ್ನೇ ಇಟ್ಟ. ಶಾಸ್ತ್ರದಲ್ಲಿ ಪೀಟರ್ಸನ ಹೆಸರು ಗೆದ್ದಿತು. ಪೇಟೆಯಲ್ಲಿ ಗಪ್ಪಿಯದೇ ಉಳಿಯಿತು.

ಭಾರತಕ್ಕೆ ಇದು ಬಂದದ್ದು 1910ರ ಸುಮಾರಿಗೆ. ಅದರ ಜೊತೆಗಾರ ಗ್ಯಾಂಬೂಸಿಯಾ 1928ರಲ್ಲಿ ಇಟಲಿಯಿಂದ ಬಂತು. ಸೊಳ್ಳೆಮರಿ ತಿನ್ನುವ ಇವೆರಡಕ್ಕೂ ಆರೋಗ್ಯ ಇಲಾಖೆಯ ಕಾಗದಪತ್ರಗಳಲ್ಲಿ ಲಾರ್ವಾಹಾರಿ ಮೀನು ಎಂಬ ಹೆಸರಿದೆ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಬಾವಿಗಳಲ್ಲೂ ಹುಟ್ಟುತ್ತದೆ. ಕರ್ನಾಟಕದ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಬಿಟ್ಟು ಸಂಶೋಧಕರು ನಡೆಸಿದ ಪ್ರಯೋಗದ ವರದಿ 2005ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, 2001ರ ಡಿಸೆಂಬರಿನಲ್ಲಿ, ತುಮಕೂರು ಜಿಲ್ಲೆಯಲ್ಲಿ ಸ್ಥಳೀಯ ಕಲಾವಿದರು ಕಲಾಜಾಥಾ ಕಟ್ಟಿ ಮಲೇರಿಯಾದ ವಿಷಯವನ್ನು ಹಾಡಿ ಆಡಿ ತೋರಿಸಿದ್ದರು. ಕರಪತ್ರ ಹಂಚುವುದಕ್ಕಿಂತ ಇದು ಜಾಣತನ.

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಸೀಮೆಗೆ ಗಪ್ಪಿ ಒಗ್ಗಲು ಬೇರೆಯೇ ಕಾರಣವಿದೆ. ಎರೆಮಣ್ಣಿನ ಈ ನಾಡಿನ ಅಂತರ್ಜಲ ಬಹಳ ಕಡೆ ಸವಳು. ಬೇಳೆ ಬೇಯದ ನೀರು. ಗಪ್ಪಿಗೆ ಮಾತ್ರ ಗಡಸು ನೀರೇ ಹಿತ, ತುಸು ಉಪ್ಪಾದರೂ ತಡೆದುಕೊಳ್ಳುತ್ತದೆ. ಸಾಕುವವರು ಮೆದು ನೀರಿಗಾಗಿ ಒದ್ದಾಡಬೇಕಾದ ಎಷ್ಟೋ ಬಣ್ಣದ ಮೀನುಗಳಿಗಿಂತ ಇದು ಇಲ್ಲಿಗೆ ಸರಿಯಾದ ಅತಿಥಿ. ದಿನವೂ ನಲ್ಲಿ ನೀರು ಬಾರದ ಊರುಗಳಲ್ಲಿ ಜನ ಹೌದಿನಲ್ಲಿ ನೀರು ತುಂಬಿಡುತ್ತಾರೆ; ಡೆಂಗ್ಯೂ ತರುವ ಈಡಿಸ್ ಸೊಳ್ಳೆಗೆ ಅದೇ ತೊಟ್ಟಿಲು. ಹಾಗಾಗಿ ಗಪ್ಪಿಯ ಜಾಗ ಗಾಜಿನ ಪೆಟ್ಟಿಗೆಯಷ್ಟೇ ಅಲ್ಲ, ಹೌದು ಮತ್ತು ದನದ ಬಾನಿ ಕೂಡ.

ಹರಿಯುವ ಹಳ್ಳಕ್ಕೆ, ಕೆರೆಗೆ ಬಿಡುವುದು ಬೇರೆ ಮಾತು: ಅಲ್ಲಿ ಅದು ನಾಡಮೀನುಗಳ ಮೊಟ್ಟೆ ಮರಿಗೂ ಬಾಯಿ ಹಾಕುತ್ತದೆ. ಹೌದು ತಿಕ್ಕುವ ದಿನ ಮೀನನ್ನು ಹಳೆಯ ನೀರಿನೊಂದಿಗೆ ಕೊಡಕ್ಕೆ ತೆಗೆದಿಟ್ಟು ಮತ್ತೆ ಬಿಡಬೇಕು. ಬ್ಲೀಚಿಂಗ್ ಪುಡಿ ಸುರಿದರೆ ಸೊಳ್ಳೆಮರಿಗಿಂತ ಮೊದಲು ಗಪ್ಪಿಯೇ ತೇಲುತ್ತದೆ.