ಕಾವಸ್‌ಜಿಯ ಹಣೆಯ ಕಲೆ

ಮೂಗು ಚಂದ ಕಾಣಲೆಂದೇ ಈಗ ಆಪರೇಷನ್ ಮಾಡಿಸಿಕೊಳ್ಳುವವರಿದ್ದಾರೆ. ಕಲೆ ಉಳಿಯುತ್ತದಾ ಎಂಬ ಚಿಂತೆ ಅವರಿಗೆ. ಈ ಚಿಂತೆಗೆ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' 1794ರಲ್ಲೇ ಉತ್ತರ ಅಚ್ಚು ಹಾಕಿತ್ತು. ಕಥೆ ಶುರುವಾಗುವುದು ಮಾತ್ರ ನಮ್ಮ ಮೈಸೂರು ಯುದ್ಧದಲ್ಲಿ.

ಕಾವಸ್‌ಜಿ ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುತ್ತಿದ್ದ ಮರಾಠಿಗ. 1792ರಲ್ಲಿ ಟಿಪ್ಪುವಿನ ಕಡೆಯವರು ಅವನನ್ನು ಸೆರೆಹಿಡಿದು ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ನಾವು ಶ್ರೀರಂಗಪಟ್ಟಣ ನೋಡಲು ಹೋದಾಗ ಇದನ್ನು ಯಾರೂ ಹೇಳಿರಲಿಲ್ಲ. ಒಂದು ವರ್ಷ ಅವನು ಮೂಗಿಲ್ಲದೆಯೇ ಇದ್ದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹೊಸ ಮೂಗು ಕೂರಿಸಿದ.

ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಚಪ್ಪಟೆಯಾಗಿಸಿ, ಹಣೆಯ ಮೇಲಿಟ್ಟು ಗೆರೆ ಎಳೆದ. ಅಷ್ಟು ಚರ್ಮ ಬಿಡಿಸಿ ಕೆಳಕ್ಕೆ ತಿರುಗಿಸಿದ. ಕಣ್ಣುಗಳ ನಡುವಿನ ಪಟ್ಟಿಯನ್ನು ಮಾತ್ರ ಕತ್ತರಿಸಲಿಲ್ಲ. ರಕ್ತ ಹರಿಯುವ ದಾರಿ ಅದೇ. ಹೊಲಿಗೆ ಇಲ್ಲ. ಅಂಟಿಸಿದ್ದು ಕಾಚಿನಿಂದ, ಅಜ್ಜಿ ಎಲೆಯಡಿಕೆಗೆ ಹಾಕುವ ಅದೇ ಕಾಚು! ನಾಲ್ಕು ದಿನ ಪಟ್ಟಿ ಬಿಚ್ಚುವಂತಿಲ್ಲ, ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೇ ದಿನ ಹೊಳ್ಳೆ ಮುಚ್ಚದಂತೆ ಮೆತ್ತನೆಯ ಬಟ್ಟೆ ಇಡುತ್ತಾರೆ. ಸುಮಾರು 25ನೇ ದಿನ ಆ ಚರ್ಮದ ಪಟ್ಟಿಯನ್ನು ಕತ್ತರಿಸುತ್ತಾರೆ.

ಹಣೆಯ ಕಲೆ ಕಾಲ ಕಳೆದಂತೆ ಅಷ್ಟಾಗಿ ಕಾಣುವುದಿಲ್ಲ ಎಂದು ಪತ್ರಿಕೆ ಬರೆದಿದೆ. ಜೊತೆಗೆ ಅಚ್ಚಾದ ಚಿತ್ರದಲ್ಲಿ ಮಾತ್ರ ಚೆನ್ನಾಗಿಯೇ ಕಾಣುತ್ತದೆ!

1814ರಲ್ಲಿ ಜೋಸೆಫ್ ಕಾರ್ಪ್ಯೂ ಲಂಡನ್ನಿನಲ್ಲಿ ಇದೇ ವಿಧಾನದಿಂದ ಮೂಗು ಮಾಡಿ ಹೆಸರಾದರು. ಪುಣೆಯಲ್ಲಿ ನಿಂತು ನೋಡಿದ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರೂ ಆ ಪತ್ರಿಕೆಯಲ್ಲಿದೆ. ಮೂಗು ಕೂರಿಸಿದವನ ಹೆಸರಿಲ್ಲ.