ಕ್ಷೌರದ ಕತ್ತಿಯ ಬುಡದಲ್ಲಿದೆ ಅದರ ವಯಸ್ಸು

ಮಡಚುವ ಹಳೆಯ ಕ್ಷೌರದ ಕತ್ತಿ ಅಟ್ಟದ ಮೇಲೋ ಟ್ರಂಕಿನ ತಳದಲ್ಲೋ ಸಿಕ್ಕರೆ ಗುಜರಿಗೆ ಹಾಕಬೇಡಿ. ತೂಕದ ಲೆಕ್ಕದಲ್ಲಿ ಅದಕ್ಕೆ ಐದು ರೂಪಾಯಿಯೂ ಹುಟ್ಟುವುದಿಲ್ಲ. ನಮ್ಮ ಊರುಗಳಲ್ಲಿ ಕ್ಷೌರಿಕ ಮನೆತನಗಳ ಕಸುಬಿನ ಚರಿತ್ರೆ ಬರೆದಿಟ್ಟವರು ಕಡಿಮೆ. ಎಷ್ಟೋ ಮನೆಗಳಲ್ಲಿ ಉಳಿದಿರುವ ದಾಖಲೆ ಅಂದರೆ ಅಜ್ಜನ ಕತ್ತಿಯೊಂದೇ.

ಅಲಗು ಹಿಡಿಗೆ ಸೇರುವ ಕಡೆ, ಹರಿತ ಇಲ್ಲದ ದಪ್ಪ ಭಾಗ ಇದೆಯಲ್ಲ, ಅಲ್ಲಿ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ನೋಡಿ. ಇಂಗ್ಲಿಷ್ ಅಕ್ಷರ, ನಕ್ಷತ್ರ, ಕಿರೀಟ ಏನಾದರೂ ಒತ್ತಿರಬಹುದು. ತುಕ್ಕು ಹಿಡಿದಿದ್ದರೆ ಎಣ್ಣೆ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಉಪ್ಪುಕಾಗದ ಮಾತ್ರ ಬೇಡ, ತುಕ್ಕಿನ ಜೊತೆ ಗುರುತೂ ಹೋಗುತ್ತದೆ. ಕತ್ತಿಯ ಮೇಲೆ ಸಾಮಾನ್ಯವಾಗಿ ಇಸವಿ ಇರುವುದಿಲ್ಲ, ಹಾಗಾಗಿ ಆ ಗುರುತಿನಿಂದಲೇ ವಯಸ್ಸು ಹುಡುಕಬೇಕು.

ಇಂಥ ಕತ್ತಿಗಳಿಗೆ ಹೆಸರಾದ ಊರುಗಳು ಎರಡು: ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್. ಶೆಫೀಲ್ಡಿನಲ್ಲಿ ಚಾಕು, ಕತ್ತಿ ಮಾಡುವವರ ಸಂಘ 1624ರಲ್ಲೇ ಕಾನೂನಿನ ಪ್ರಕಾರ ಹುಟ್ಟಿತು. ಯಾವ ಗುರುತು ಯಾರದು ಎಂದು ಅದು ದಾಖಲೆ ಇಡುತ್ತಿತ್ತು. ಜೋಸೆಫ್ ರಾಡ್ಜರ್ಸ್ ಕಂಪನಿಯ ನಕ್ಷತ್ರ ಮತ್ತು ಶಿಲುಬೆ 1764ರದು. ಸೋಲಿಂಗೆನ್‌ನ ಹೆಂಕೆಲ್ಸ್ ಮನೆತನದ ಅವಳಿ ಗೊಂಬೆಗಳ ಗುರುತು ಇನ್ನೂ ಹಳೆಯದು, 1731ರದು.

ಹಾಗಂತ 'ನಮ್ಮ ಕತ್ತಿ 1731ರದು' ಎಂದು ಹಿಗ್ಗಬೇಡಿ. ಹೆಂಕೆಲ್ಸ್ ಅವಳಿಗಳು ಇವತ್ತಿನ ಅಡುಗೆಮನೆ ಚಾಕುವಿನ ಮೇಲೂ ಇವೆ. ಗುರುತು ಹೇಳುವುದು 'ಇದಕ್ಕಿಂತ ಹಳೆಯದಲ್ಲ' ಎಂಬಷ್ಟನ್ನೇ. ಇಸವಿ ಹತ್ತಿರಕ್ಕೆ ಬರಬೇಕಾದರೆ ಬೇರೆ ಸುಳಿವು ಸೇರಿಸಬೇಕು.

ನಮ್ಮ ಪ್ರಕಾರ ಅತ್ಯಂತ ಸಲೀಸಾದ ಸುಳಿವು ಕಿರೀಟದ್ದು. ಶೆಫೀಲ್ಡಿನವರು ಕಿರೀಟದ ಪಕ್ಕ ಆಳುವ ದೊರೆಯ ಹೆಸರಿನ ಅಕ್ಷರ ಒತ್ತುತ್ತಿದ್ದರು. 'ವಿ.ಆರ್.' ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, 1837ರಿಂದ 1901. 'ಡಬ್ಲ್ಯು.ಆರ್.' ಇದ್ದರೆ ನಾಲ್ಕನೇ ವಿಲಿಯಂ, 1830ರಿಂದ 1837. ಬರೀ ಏಳು ವರ್ಷ! ಅಂಥದ್ದು ಸಿಕ್ಕರೆ ಅದೃಷ್ಟ. 'ಜಿ.ಆರ್.' ಎಂದರೆ ಜಾರ್ಜ್, 1830ಕ್ಕಿಂತ ಮುಂಚಿನದು. ಆದರೆ 1910ರಲ್ಲಿ ಇನ್ನೊಬ್ಬ ಜಾರ್ಜ್ ಪಟ್ಟಕ್ಕೆ ಬಂದ, ಆದ್ದರಿಂದ ಅಲ್ಲಿ ಸ್ವಲ್ಪ ಹುಷಾರು.

ಇನ್ನೊಂದು ಸುಳಿವು ಕೊಟ್ಟಿದ್ದು ಅಮೆರಿಕ. ಹೊರಗಿನಿಂದ ಬರುವ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಎಂದು ಅಲ್ಲಿನ 1890ರ ಸುಂಕದ ಕಾಯಿದೆ ಹೇಳಿತು, ಅದು 1891ರಿಂದ ಜಾರಿಯಾಯಿತು. ಹಾಗಾಗಿ ಕತ್ತಿಯ ಮೇಲೆ 'ಇಂಗ್ಲೆಂಡ್' ಅಥವಾ 'ಜರ್ಮನಿ' ಎಂದಿದ್ದರೆ ಹೆಚ್ಚಿನಂಶ ಅದು ಆಮೇಲಿನದು. ಊರಿನ ಹೆಸರು ಮಾತ್ರ ಇದ್ದರೆ ಇನ್ನೂ ಹಳೆಯದಿರಬಹುದು, ಖಚಿತ ಅಲ್ಲ.

ಹಿಡಿಯನ್ನು ನಂಬಿ ಕೂರಬೇಡಿ. ಕೊಂಬಿನ ಹಿಡಿ ಒಡೆದರೆ ಬೇರೆ ಹಾಕಿಸಿಕೊಳ್ಳುವುದು ಎಲ್ಲ ಕಾಲದಲ್ಲೂ ಇತ್ತು.

ಇನ್ನು ಅಲಗಿನ ಮೇಲೆ 'ಸಿಲ್ವರ್ ಸ್ಟೀಲ್' ಎಂದು ಇಂಗ್ಲಿಷಿನಲ್ಲಿದ್ದರೆ ಅದರ ಕಥೆ ನಮ್ಮ ನಾಡಿನವರೆಗೂ ಬರುತ್ತದೆ. ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿ ಕಡ್ಡಿ, ಹಸಿ ಎಲೆ ಇಟ್ಟು ಬಾಯಿ ಮುಚ್ಚಿ ಕಾಸಿ ಉಕ್ಕು ಮಾಡುತ್ತಿದ್ದರು. 1800ರಲ್ಲಿ ಈ ಕಡೆ ಓಡಾಡಿದ ಬುಕಾನನ್ ಅದನ್ನು ನೋಡಿ ಬರೆದಿದ್ದಾನೆ. ಅದಕ್ಕೂ ಮುಂಚೆಯೇ ಇಲ್ಲಿನ ಉಕ್ಕಿನ ಗಟ್ಟಿಗಳು ಬೊಂಬಾಯಿಯಿಂದ ಲಂಡನ್ನಿಗೆ ಹೋಗಿದ್ದವು. ಅಲ್ಲಿ ಅದರ ಹೆಸರು 'ವೂಟ್ಸ್' ಆಯಿತು. ಕನ್ನಡ, ತೆಲುಗಿನ 'ಉಕ್ಕು' ಪದವೇ ಹೀಗೆ ತಿರುಚಿಕೊಂಡಿತು ಎನ್ನುವುದು ಬಹುತೇಕ ವಿದ್ವಾಂಸರ ಮಾತು.

ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣ, ಕ್ಷೌರದ ಕತ್ತಿ ಮಾಡುತ್ತಿದ್ದ ಜೇಮ್ಸ್ ಸ್ಟೊಡಾರ್ಟ್ ಈ ಉಕ್ಕನ್ನು ಮೆಚ್ಚಿಕೊಂಡ. ಇದರ ಗುಟ್ಟು ಹುಡುಕಲು ಅವನ ಜೊತೆ ಸೇರಿದವನು ಮೈಕೆಲ್ ಫ್ಯಾರಡೆ. ಹೌದು, ವಿದ್ಯುತ್ ಪಾಠದಲ್ಲಿ ಬರುವ ಅದೇ ಫ್ಯಾರಡೆ, ಕಮ್ಮಾರನ ಮಗ. ಇಬ್ಬರೂ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿ 1820 ಮತ್ತು 1822ರಲ್ಲಿ ಫಲಿತಾಂಶ ಪ್ರಕಟಿಸಿದರು. 500 ಪಾಲು ಉಕ್ಕಿಗೆ ಒಂದು ಪಾಲು ಬೆಳ್ಳಿ ಸೇರಿಸಿದರೆ ಒಳ್ಳೆಯ ಅಲಗು ಬರುತ್ತದೆ ಎಂದರು.

ವ್ಯಾಪಾರಿಗಳಿಗೆ ಅಷ್ಟು ಸಾಕಾಯಿತು. ಶೆಫೀಲ್ಡಿನ ಕತ್ತಿಗಳ ಮೇಲೆ 'ಸಿಲ್ವರ್ ಸ್ಟೀಲ್' ಮುದ್ರೆ ಬೀಳತೊಡಗಿತು. ಮುದ್ರೆ ಇದ್ದ ಮಾತ್ರಕ್ಕೆ ಒಳಗೆ ಬೆಳ್ಳಿ ಇದೆ ಎಂದುಕೊಂಡು ಅಕ್ಕಸಾಲಿಗರ ಹತ್ತಿರ ಒಯ್ಯಬೇಡಿ. ಆ ಮುದ್ರೆಯಿಂದ ತಿಳಿಯುವುದು ಇಷ್ಟು: ಕತ್ತಿ 1820ಕ್ಕಿಂತ ಈಚಿನದು. ಪಕ್ಕದಲ್ಲಿ 'ವಿ.ಆರ್.' ಇದ್ದು, ದೇಶದ ಹೆಸರು ಇಲ್ಲದಿದ್ದರೆ ಸುಮಾರು 1837ರಿಂದ 1891ರ ನಡುವಿನದು ಎಂದು ಚೀಟಿಯಲ್ಲಿ ಬರೆದು, ಬಳಸಿದವರ ಹೆಸರನ್ನೂ ಸೇರಿಸಿ, ಕತ್ತಿಯ ಜೊತೆ ಇಡಿ.